ಕೊನೆಯ ಕಾಲು ಸುತ್ತು

ಬಿಗಿ ಎಂಬ ಮಾತಿಗೆ ಕನ್ನಡದಲ್ಲಿ ಒಳ್ಳೆಯ ಅರ್ಥವೂ ಇದೆ, ಕೆಟ್ಟ ಅರ್ಥವೂ ಇದೆ. ಮಗನನ್ನು ಬಿಗಿಯಲ್ಲಿಟ್ಟು ಬೆಳೆಸಿದೆ ಎಂದು ಎದೆಯುಬ್ಬಿಸುವ ತಂದೆಯೇ, ಅಂಗಿಯ ಕಾಲರು ಬಿಗಿಯಾಯಿತೆಂದು ಅಂಗಡಿಗೆ ಹಿಂದಿರುಗಿಸುತ್ತಾನೆ. ಸಡಿಲ ಬಿಟ್ಟರೆ ಕೆಟ್ಟಿತು ಎನ್ನುವವರೂ ಉಂಟು, ಬಿಗಿದರೆ ಹರಿಯಿತು ಎನ್ನುವವರೂ ಉಂಟು. ಹಾಗಾದರೆ ಎಲ್ಲಿಯವರೆಗೆ ಬಿಗಿಯಬೇಕು? ಮನೆಮನೆಯ ಈ ಪ್ರಶ್ನೆಗೆ ಜಾಲಹಳ್ಳಿಯ ನಿವೃತ್ತ ಫಿಟ್ಟರ್ ಒಬ್ಬರು ಉತ್ತರ ಕಂಡುಕೊಂಡದ್ದು ಅಮೆರಿಕದ ಒಂದು ಗ್ಯಾರೇಜಿನಲ್ಲಿ, ಅದೂ ಒಂದು ರಿವಾಲ್ವರಿನ ಮುಂದೆ ನಿಂತು.

ಎಚ್‌ಎಂಟಿ ಕಾರ್ಖಾನೆ 1953ರಲ್ಲಿ ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಕಂಪನಿಯ ಸಹಯೋಗದಲ್ಲಿ ಬೆಂಗಳೂರಿನಲ್ಲಿ ಆರಂಭವಾದದ್ದು. ತಾತ ಅಲ್ಲಿಗೆ ಅಪ್ರೆಂಟಿಸ್ ಆಗಿ ಸೇರಿದ್ದು 1964ರಲ್ಲಿ. ಸ್ವಯಂನಿವೃತ್ತಿ ಪಡೆದು ಹೊರಬಂದದ್ದು 2001ರಲ್ಲಿ. ಮೂವತ್ತೇಳು ವರ್ಷ ಅವರ ಕೈ ನಟ್ಟು, ಬೋಲ್ಟು, ಅರ, ಸ್ಪ್ಯಾನರುಗಳ ನಡುವೆಯೇ ಕಳೆಯಿತು. ಹೆಂಡತಿ ತೀರಿಕೊಂಡ ಮೇಲೆ ಒಂಟಿಯಾಗಿದ್ದ ಅವರನ್ನು ಮಗ 2023ರ ಸೆಪ್ಟೆಂಬರಿನಲ್ಲಿ ಓಹಾಯೋ ರಾಜ್ಯದ ಸಿನ್ಸಿನಾಟಿಗೆ ಕರೆಸಿಕೊಂಡ. ಆ ಊರಿನ ಹೆಸರು ತಾತನಿಗೆ ಹೊಸದಲ್ಲ. ಹಳೆಯ ಮಿಲ್ಲಿಂಗ್ ಯಂತ್ರವೊಂದರ ಮೈಮೇಲೆ ಎರಕದ ಅಕ್ಷರಗಳಲ್ಲಿ ಅದನ್ನು ಓದಿದ್ದರು. ಊರೊಂದು ತನ್ನ ಹೆಸರನ್ನು ಯಂತ್ರದ ಮೇಲೆ ಬರೆಸಿಕೊಂಡಿದೆ ಎಂದರೆ ಅಲ್ಲಿನ ಜನ ಕೆಲಸ ಬಲ್ಲವರಿರಬೇಕು ಎಂಬ ಗೌರವ ಅಂದಿನಿಂದಲೂ ಇತ್ತು.

ಮಗನ ಮನೆಯಲ್ಲಿ ಎಲ್ಲವೂ ಇತ್ತು, ಮಾತು ಮಾತ್ರ ಕಡಿಮೆ. ಹದಿನೇಳರ ಮೊಮ್ಮಗ ಹೈಸ್ಕೂಲಿನ ಕೊನೆಯ ವರ್ಷದಲ್ಲಿದ್ದ. ಕಾಲೇಜುಗಳಿಗೆ ಅರ್ಜಿ ಹಾಕುವ ಕಾಲ. ಅಪ್ಪ ಕಂಪ್ಯೂಟರ್ ವಿಜ್ಞಾನ ಎಂದು ತೀರ್ಮಾನಿಸಿಬಿಟ್ಟಿದ್ದ. ಹುಡುಗ ಇಲ್ಲ ಎಂದಿರಲಿಲ್ಲ, ಹೂಂ ಎಂದೂ ಅಂದಿರಲಿಲ್ಲ. ಅವನ ಕೋಣೆಯ ಕಿಟಕಿಯ ಅಂಚಿನಲ್ಲಿ ಬೂದುಬಣ್ಣದ ಕಲ್ಲುಗಳ ಸಾಲು. ಪ್ರತಿಯೊಂದರಲ್ಲೂ ಚಿಪ್ಪಿನ ಅಚ್ಚು. ಸಿನ್ಸಿನಾಟಿಯ ಸುತ್ತಮುತ್ತ ರಸ್ತೆಗಾಗಿ ಗುಡ್ಡ ಕಡಿದ ಕಡೆಯೆಲ್ಲ ಸುಮಾರು 45 ಕೋಟಿ ವರ್ಷಗಳ ಹಿಂದಿನ ಸಮುದ್ರಜೀವಿಗಳ ಪಳೆಯುಳಿಕೆಗಳು ಸಿಗುತ್ತವೆ. ಹುಡುಗ ಭಾನುವಾರಗಳಲ್ಲಿ ಆರಿಸಿ ತಂದವು ಅವು. "ಇದೆಲ್ಲಾ ಹವ್ಯಾಸ ಅಷ್ಟೆ" ಎಂದು ಅಪ್ಪ ಹೇಳಿದಾಗ ಹುಡುಗ ಸುಮ್ಮನೆ ಒಂದು ಕಲ್ಲನ್ನು ತಿರುಗಿಸಿ ಇಟ್ಟದ್ದನ್ನು ತಾತ ಗಮನಿಸಿದ್ದರು.

ಪಕ್ಕದ ಮನೆಯ ಯಜಮಾನರು ನಿವೃತ್ತ ಲಾರಿ ಚಾಲಕರು. ವಯಸ್ಸು ಎಪ್ಪತ್ತು ದಾಟಿತ್ತು, ಕೈ ಮಣಿಕಟ್ಟುಗಳಲ್ಲಿ ಸಂಧಿವಾತ. ಅವರ ಗ್ಯಾರೇಜಿನ ಬಾಗಿಲು ಹಗಲೆಲ್ಲ ತೆರೆದೇ ಇರುತ್ತಿತ್ತು. ಗೋಡೆಯ ತುಂಬ ಸಾಲಾಗಿ ತೂಗುಹಾಕಿದ ಸ್ಪ್ಯಾನರುಗಳು. ತಾತ ಬೆಳಗಿನ ವಾಕಿಂಗ್ ಮುಗಿಸಿ ಬರುವಾಗ ಅಲ್ಲಿ ಎರಡು ನಿಮಿಷ ನಿಲ್ಲುತ್ತಿದ್ದರು. ಯಜಮಾನರಿಗೆ ಕನ್ನಡ ಬಾರದು, ತಾತನ ಇಂಗ್ಲಿಷ್ ಕಾರ್ಖಾನೆಯ ಇಂಗ್ಲಿಷ್. ಆದರೂ "ಗುಡ್ ವೈಸ್" ಎಂದು ಬೆಂಚಿನ ಮೇಲಿನ ವೈಸನ್ನು ತಟ್ಟಿ ತಾತ ಹೊಗಳಿದ ದಿನವೇ ಸ್ನೇಹವಾಗಿಬಿಟ್ಟಿತ್ತು.

ಅಕ್ಟೋಬರಿನ ಒಂದು ಸಂಜೆ ಗ್ಯಾರೇಜಿನಿಂದ ಬೈಗುಳ ಕೇಳಿಬಂತು. ತಾತ ಮೊಮ್ಮಗನನ್ನು ಕರೆದುಕೊಂಡು ಹೋದರು. ಬೆಂಚಿನ ಮೇಲೆ ದೊಡ್ಡ ರಿವಾಲ್ವರ್. ಯಜಮಾನರ ಕೈಯಲ್ಲಿ ಬೆರಳುದ್ದದ ಉಕ್ಕಿನ ತುಂಡು. ಅದಕ್ಕೆ ಮಝಲ್ ಬ್ರೇಕ್ ಎಂದು ಹೆಸರು.

ಬ್ರೇಕ್ ಎಂದರೆ ಸೈಕಲ್ಲಿನ ಬ್ರೇಕಿನಂತೆ ಗುಂಡನ್ನು ತಡೆಯುವ ಸಾಧನವಲ್ಲ. ಗುಂಡು ನಳಿಗೆಯಿಂದ ಮುಂದಕ್ಕೆ ಚಿಮ್ಮಿದಾಗ ಬಂದೂಕು ಹಿಂದಕ್ಕೆ ಒದೆಯುತ್ತದೆ. ಹೈಸ್ಕೂಲಿನಲ್ಲಿ ಓದುವ ನ್ಯೂಟನ್ನನ ಮೂರನೆಯ ನಿಯಮವೇ ಅದು. ಒದೆತಕ್ಕೆ ಗುಂಡು ಮಾತ್ರ ಕಾರಣವಲ್ಲ; ಗುಂಡಿನ ಬೆನ್ನಿಗೇ ನಳಿಗೆಯಿಂದ ನುಗ್ಗಿಬರುವ ಬಿಸಿ ಅನಿಲದ ಪಾಲೂ ಅದರಲ್ಲಿದೆ. ನಳಿಗೆಯ ಬಾಯಿಗೆ ತಿರುಪಿ ಕೂರಿಸುವ ಈ ಉಕ್ಕಿನ ಕೊಳವೆಯಲ್ಲಿ ಪಕ್ಕಕ್ಕೂ ಮೇಲಕ್ಕೂ ಸೀಳುಗಳಿರುತ್ತವೆ. ಗುಂಡು ನೇರವಾಗಿ ಹೋಗುತ್ತದೆ, ಅನಿಲದ ಒಂದಷ್ಟು ಭಾಗ ಸೀಳುಗಳ ಗೋಡೆಗೆ ಬಡಿದು ದಿಕ್ಕು ಬದಲಿಸುತ್ತದೆ. ಆ ಬಡಿತ ಬಂದೂಕನ್ನು ಮುಂದಕ್ಕೆ ಎಳೆಯುತ್ತದೆ, ಮೇಲಕ್ಕೆ ಹೋದ ಅನಿಲ ಮೂತಿಯನ್ನು ಕೆಳಕ್ಕೆ ಒತ್ತುತ್ತದೆ. ಒದೆತ ಅಷ್ಟರಮಟ್ಟಿಗೆ ತಗ್ಗುತ್ತದೆ. 1999ರ ಕಾರ್ಗಿಲ್ ಯುದ್ಧದ ಚಿತ್ರಗಳಲ್ಲಿ ಬೋಫೋರ್ಸ್ ತೋಪಿನ ಬಾಯಿಯ ತುದಿಯಲ್ಲಿ ಕಂಡ ದಪ್ಪನೆಯ ಭಾಗವೂ ಇದೇ ಜಾತಿಯದು. ರಿವಾಲ್ವರಿಗೆ ಇದನ್ನು ಹಾಕುವವರು ವಿರಳ. ಹಾಕಬೇಕೆಂದರೆ ನಳಿಗೆಯ ತುದಿಯಲ್ಲಿ ಥ್ರೆಡ್ ಇರಬೇಕು. ಯಜಮಾನರು ಊರಿನ ಬಂದೂಕು ರಿಪೇರಿಯವರಲ್ಲಿ ಅದನ್ನು ಮಾಡಿಸಿಕೊಂಡಿದ್ದರು.

ತಾತ ಒಳಗೆ ಕಾಲಿಡುವ ಮೊದಲು ಬಾಗಿಲಲ್ಲೇ ನಿಂತರು. "ಗುಂಡು ಇದೆಯಾ ಕೇಳು, ಮಗಾ."

ಇಲ್ಲ ಎಂದು ಯಜಮಾನರು ಕೈಯಾಡಿಸಿದರು. ತಾತನಿಗೆ ಅದು ಸಾಲಲಿಲ್ಲ. "ತೆಗೆದು ತೋರಿಸೋಕೆ ಹೇಳು. ಕರೆಂಟ್ ಇಲ್ಲ ಅಂತ ಬಾಯಲ್ಲಿ ಹೇಳಿದ್ದನ್ನ ನಂಬಿ ಯಂತ್ರದೊಳಗೆ ಕೈ ಹಾಕಿದವನ ಬೆರಳು ಹೋಗಿದ್ದನ್ನ ನೋಡಿದೀನಿ."

ಯಜಮಾನರಿಗೆ ನಗು ಬಂದರೂ ಸಿಲಿಂಡರನ್ನು ಹೊರಕ್ಕೆ ತಿರುಗಿಸಿ ದೀಪಕ್ಕೆ ಹಿಡಿದರು. ಆರೂ ಗೂಡುಗಳಲ್ಲಿ ಬೆಳಕು ಕಂಡಿತು. ಗುಂಡಿನ ಪೆಟ್ಟಿಗೆ ಗ್ಯಾರೇಜಿನಲ್ಲಿ ಇಲ್ಲ, ಮನೆಯೊಳಗೆ ಬೀಗದಲ್ಲಿದೆ ಎಂದೂ ತಿಳಿಯಿತು. ಆಮೇಲೆ ತಾತ ಒಳಗೆ ಬಂದರು. ಆದರೆ ಅಂದೂ ಮುಂದೆಯೂ ಅವರಾಗಲಿ ಹುಡುಗನಾಗಲಿ ರಿವಾಲ್ವರನ್ನು ಮುಟ್ಟಲಿಲ್ಲ. ಅದು ತಾತನೇ ಹಾಕಿಕೊಂಡ ಕಟ್ಟು.

ಯಜಮಾನರ ಕಷ್ಟ ಇದು. ಒದೆತದಿಂದ ಅಪ್ಪನ ಮಣಿಕಟ್ಟು ನೋಯುತ್ತದೆಂದು ದೂರದ ಊರಿನಲ್ಲಿರುವ ಮಗ ಹುಟ್ಟುಹಬ್ಬಕ್ಕೆ ಈ ಬ್ರೇಕ್ ಕಳಿಸಿದ್ದ. ತಿರುಪಿ ಬಿಗಿದರು, ರೇಂಜಿಗೆ ಹೋಗಿ ಆರು ಗುಂಡು ಹಾರಿಸಿದರು, ಸಡಿಲವಾಯಿತು. ಇನ್ನೂ ಬಲವಾಗಿ ಬಿಗಿದರು, ಮತ್ತೆ ಸಡಿಲವಾಯಿತು. ಶನಿವಾರ ಮಗ ಬರುವವನಿದ್ದಾನೆ. ಈಗ ಸ್ಪ್ಯಾನರಿಗೆ ಉದ್ದನೆಯ ಪೈಪು ತೂರಿಸಿ ಜಗ್ಗುವುದೊಂದೇ ಬಾಕಿ.

ತಾತ ಪೈಪನ್ನು ಮೆಲ್ಲನೆ ಪಕ್ಕಕ್ಕೆ ಸರಿಸಿದರು. ಬ್ರೇಕನ್ನು ಕೈಗೆತ್ತಿಕೊಂಡು ಒಳಗನ್ನು ದೀಪಕ್ಕೆ ಹಿಡಿದರು. ಗುಂಡು ಹೊರಬೀಳುವ ರಂಧ್ರದ ಒಂದು ಅಂಚಿನಲ್ಲಿ ಮಾತ್ರ ಸೀಸದ ಬೂದು ಗೆರೆಯೊಂದು ಸವರಿಕೊಂಡಿತ್ತು. ಅವರ ಮುಖ ಗಂಭೀರವಾಯಿತು. ಆ ರಂಧ್ರ ಗುಂಡಿಗಿಂತ ದೊಡ್ಡದಿರುವುದು ಸುಮಾರು ಅರ್ಧ ಮಿಲಿಮೀಟರ್. ಅಂದರೆ ಸುತ್ತ ಕಾಲು ಮಿಲಿಮೀಟರಿನಷ್ಟೇ ಅವಕಾಶ. ಬ್ರೇಕ್ ನೇರವಾಗಿ ಕುಳಿತಿದ್ದರೆ ಗುಂಡು ಎಲ್ಲಿಯೂ ತಾಗದೆ ನಡುವೆ ಹಾದುಹೋಗಬೇಕು. ಸೀಸ ಸವರಿದೆ ಎಂದರೆ ಬ್ರೇಕ್ ವಾರೆಯಾಗಿ ಕುಳಿತಿತ್ತು, ಗುಂಡು ಅಂಚನ್ನು ತಾಗಿಕೊಂಡು ಹೋಗಿತ್ತು. ಇನ್ನೊಂದಿಷ್ಟು ವಾರೆಯಾಗಿದ್ದರೆ ಗುಂಡು ಉಕ್ಕಿಗೆ ಬಡಿದು, ಬ್ರೇಕ್ ಒಡೆದು ಚೂರುಗಳು ಸಿಡಿಯಬಹುದಿತ್ತು.

"ಕೈಯಲ್ಲಿ ಎಷ್ಟು ಸುತ್ತು ಹೋಯ್ತು ಕೇಳು" ಎಂದರು ತಾತ.

ಯಜಮಾನರಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಹುಡುಗ ಎರಡು ಸಲ ಬಿಡಿಸಿ ಹೇಳಿದ ಮೇಲೆ ನೆನಪಿಸಿಕೊಂಡು ಹೇಳಿದರು: ಎರಡೂವರೆ ಸುತ್ತು. ಆಮೇಲೆ ಬಿಗಿಯಾಯಿತು. ಉಳಿದದ್ದನ್ನು ಸ್ಪ್ಯಾನರಿನಿಂದ ತಿರುಗಿಸಿದ್ದು.

ತಾತ ಮನೆಗೆ ಹೋಗಿ ತಮ್ಮ ಸೂಟ್‌ಕೇಸಿನಿಂದ ಬೀಗದಕೈ ಗೊಂಚಲಿನಂಥ ವಸ್ತುವೊಂದನ್ನು ತಂದರು. ಪಿಚ್ ಗೇಜ್. ತೆಳುವಾದ ಹಲ್ಲಿನ ಎಲೆಗಳು; ಒಂದೊಂದರ ಮೇಲೆ ಒಂದೊಂದು ಅಂಕಿ. ಬೇರೆಯವರು ಊರುಬಿಟ್ಟು ಬರುವಾಗ ದೇವರ ಪಟ ತರುತ್ತಾರೆ, ಇವರು ಇದನ್ನು ತಂದಿದ್ದರು. ಯಜಮಾನರು ನಳಿಗೆಯ ತುದಿಯನ್ನು ಮುಂದೆ ಹಿಡಿದರು. ತಾತ ಎಲೆಗಳನ್ನು ಒಂದೊಂದಾಗಿ ಒತ್ತಿ ನೋಡಿದರು. 24 ಎಂಬ ಎಲೆ ಹಲ್ಲಿಗೆ ಹಲ್ಲು ಕೂತಿತು. ಅಂದರೆ ಇಂಚಿಗೆ 24 ಎಳೆ. ವ್ಯಾಸ ಐದು ಬೈ ಎಂಟು ಇಂಚು. ಬ್ರೇಕಿನ ಒಳಗೆ ಅದೇ ಎಲೆ ಇಟ್ಟರೆ ಅಲುಗಿತು. ಗೊಂಚಲಿನ ಇನ್ನೊಂದು ಬದಿಯ ಮೆಟ್ರಿಕ್ ಎಲೆಗಳಲ್ಲಿ 1 ಎಂದಿದ್ದುದು ಸರಿಯಾಗಿ ಕೂತಿತು. ಅದು 16 ಮಿಲಿಮೀಟರ್ ವ್ಯಾಸದ, ಒಂದೊಂದು ಮಿಲಿಮೀಟರಿಗೆ ಒಂದೊಂದು ಎಳೆಯ ಥ್ರೆಡ್. ಮಗ ಆರ್ಡರ್ ಮಾಡುವಾಗ ಅಳತೆಯ ಆಯ್ಕೆ ತಪ್ಪಿತ್ತು.

ಕಣ್ಣಿಗೆ ಎರಡೂ ಒಂದೇ. ಐದು ಬೈ ಎಂಟು ಇಂಚೆಂದರೆ 15.875 ಮಿಲಿಮೀಟರ್, 16ಕ್ಕೆ ಕೂದಲೆಳೆಯಷ್ಟು ಕಡಿಮೆ. ಆದ್ದರಿಂದ ಬ್ರೇಕ್ ಸರಾಗವಾಗಿ ಒಳಹೊಕ್ಕಿತ್ತು. ಆದರೆ ಇಂಚಿಗೆ 24 ಎಳೆ ಎಂದರೆ ಎಳೆಯಿಂದ ಎಳೆಗೆ 1.058 ಮಿಲಿಮೀಟರ್. ಒಂದೊಂದು ಸುತ್ತಿಗೂ ಒಂದು ಕೂದಲಿನ ದಪ್ಪದಷ್ಟು ವ್ಯತ್ಯಾಸ ಕೂಡುತ್ತಾ ಹೋಗುತ್ತದೆ. ಎರಡು ಸುತ್ತಿನವರೆಗೆ ಲೋಹ ಸಹಿಸಿಕೊಳ್ಳುತ್ತದೆ, ಮೂರನೆಯದಕ್ಕೆ ತಡೆಯುತ್ತದೆ. ಅಲ್ಲಿಂದ ಮುಂದೆ ಸ್ಪ್ಯಾನರಿನ ಬಲಕ್ಕೆ ಒಳಗೆ ಹೋಗುತ್ತಿರುವಂತೆ ಕಂಡರೂ ಎಳೆಗಳು ಒಂದನ್ನೊಂದು ಜಜ್ಜುತ್ತಿರುತ್ತವೆ.

ಪ್ರಪಂಚದ ತಿರುಪುಗಳು ಒಂದೇ ಲೆಕ್ಕಕ್ಕೆ ಬರಲು ಎಷ್ಟು ಪಾಡುಪಟ್ಟಿವೆ ಎಂದು ತಾತ ಮೊಮ್ಮಗನಿಗೆ ಅಲ್ಲಿಯೇ ಹೇಳಿದರು. ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ತ್ 1841ರಲ್ಲಿ 55 ಡಿಗ್ರಿ ಕೋನದ ಎಳೆಯನ್ನು ಎಲ್ಲರಿಗೂ ಒಂದೇ ಇರಲೆಂದು ಸೂಚಿಸಿದ. ಅಮೆರಿಕದ ವಿಲಿಯಂ ಸೆಲ್ಲರ್ಸ್ 1864ರಲ್ಲಿ 60 ಡಿಗ್ರಿ ಎಂದ. ಎರಡನೆಯ ಮಹಾಯುದ್ಧದಲ್ಲಿ ಒಂದೇ ಕಡೆಯಲ್ಲಿ ನಿಂತು ಹೋರಾಡಿದ ಈ ಎರಡು ದೇಶಗಳ ನಟ್ಟು ಬೋಲ್ಟುಗಳು ಒಂದಕ್ಕೊಂದು ಕೂಡದೆ ಪೇಚಾಟವಾಯಿತು. ಯುದ್ಧ ಮುಗಿದ ಮೇಲೆ, 1948ರಲ್ಲಿ, ಅಮೆರಿಕ, ಬ್ರಿಟನ್, ಕೆನಡಾ ಮೂರೂ ಕೂತು ಒಂದು ಅಳತೆಗೆ ಒಪ್ಪಿದವು. ಮೆಟ್ರಿಕ್ ಲೆಕ್ಕ ಮಾತ್ರ ಬೇರೆಯಾಗಿಯೇ ಉಳಿಯಿತು.

"ಈ ಬ್ರೇಕ್ ಈ ನಳಿಗೆಗೆ ಆಗೋದಿಲ್ಲ" ಎಂದು ತಾತ ಕೊನೆಗೆ ಹೇಳಿದರು.

ಹುಡುಗ ಅದನ್ನು ಇಂಗ್ಲಿಷಿನಲ್ಲಿ ಹೇಳಿದಾಗ ಯಜಮಾನರ ಮುಖ ಕೆಂಪಾಯಿತು. ಬಿಗಿಯಾಗಿ ಕೂತದ್ದನ್ನು ತಾವೇ ಕೈಯಾರೆ ನೋಡಿದ್ದೇವೆ ಎಂದರು. ಮಗ ದುಡ್ಡು ಕೊಟ್ಟು ಪ್ರೀತಿಯಿಂದ ಕಳಿಸಿದ್ದನ್ನು ಆಗೋದಿಲ್ಲ ಎನ್ನುವುದು ಹೇಗೆ ಎಂದರು. ಕೂರುವಂತೆ ತಾವು ಮಾಡುತ್ತೇವೆ ಎಂದರು.

ತಾತ ಬೇಸರಪಡಲಿಲ್ಲ. "ನಿಮ್ಮ ಮಗನ ಮೇಲೆ ತಪ್ಪಿಲ್ಲ ಅನ್ನು. ನಳಿಗೆ ಒಳ್ಳೇದು, ಬ್ರೇಕೂ ಒಳ್ಳೇದು. ಎರಡರ ಲೆಕ್ಕ ಬೇರೆ, ಅಷ್ಟೇ. ಬಿಗಿ ಬಂತಲ್ಲ, ಅದು ಸುಳ್ಳು ಬಿಗಿ."

ಸುಳ್ಳು ಬಿಗಿ ಎಂಬ ಮಾತನ್ನು ಇಂಗ್ಲಿಷಿಗೆ ತಿರುಗಿಸಲು ಹುಡುಗ ತಡವರಿಸಿದ. ತಾತ ಅದನ್ನು ಬೆಂಚಿನ ಮೇಲೆ ಸೀಮೆಸುಣ್ಣದಿಂದ ಬರೆದು ತೋರಿಸಿದರು. ತಿರುಪನ್ನು ಬಿಗಿಯುವುದೆಂದರೆ ಲೋಹವನ್ನು ಕಾಣದಷ್ಟು ಹಿಗ್ಗಿಸುವುದು. ಬ್ರೇಕಿನ ಬುಡ ನಳಿಗೆಯ ಹೆಗಲಿಗೆ ತಾಗಿ ನಿಂತ ಮೇಲೆ ಇನ್ನಷ್ಟು ತಿರುಗಿಸಿದಾಗ ಎಳೆಗಳು ಸ್ಪ್ರಿಂಗಿನಂತೆ ಸೆಳೆದುಕೊಳ್ಳುತ್ತವೆ. ಹಿಡಿದಿಡುವುದು ಆ ಸೆಳೆತವೇ. ಸರಿಯಾದ ತಿರುಪಿನಲ್ಲಿ ಕೂಡ ಕೈಯ ಬಲದಲ್ಲಿ ನೂರಕ್ಕೆ ಸುಮಾರು ತೊಂಬತ್ತು ಪಾಲು ಉಜ್ಜಾಟಕ್ಕೇ ಹೋಗುತ್ತದೆ. ಹತ್ತು ಪಾಲು ಮಾತ್ರ ಸೆಳೆತಕ್ಕೆ ಸಿಗುತ್ತದೆ. ತಪ್ಪು ಥ್ರೆಡ್ಡಿನಲ್ಲಿ ಬುಡ ಹೆಗಲನ್ನು ಮುಟ್ಟುವುದೇ ಇಲ್ಲ. ನೂರಕ್ಕೆ ನೂರೂ ಉಜ್ಜಾಟ. ಕೈಗೆ ಮಾತ್ರ ಬಿಗಿ ಬಿಗಿ ಎನಿಸುತ್ತದೆ. ಮೊದಲ ಅದುರಿಗೇ ಕಳಚಿಕೊಳ್ಳುತ್ತದೆ. ಅಡ್ಡಡ್ಡ ಅದುರುವಿಕೆಯಿಂದ ತಿರುಪು ತಾನಾಗಿಯೇ ಬಿಚ್ಚಿಕೊಳ್ಳುತ್ತದೆ ಎಂಬುದನ್ನು ಜರ್ಮನಿಯ ಗೆರ್ಹಾರ್ಡ್ ಯುಂಕರ್ 1969ರಲ್ಲಿ ಪ್ರಯೋಗದಿಂದ ತೋರಿಸಿಕೊಟ್ಟ. ರಿವಾಲ್ವರಿನ ತುದಿಯಲ್ಲಿ ಅದುರುವಿಕೆಗೇನು ಕೊರತೆ?

"ನಮ್ಮ ಫೋರ್‌ಮನ್ ಹೇಳೋರು: ಕೈಯಲ್ಲಿ ಪೂರಾ, ಸ್ಪ್ಯಾನರಿನಲ್ಲಿ ಕಾಲು" ಎಂದರು ತಾತ. "ಸರಿಯಾದ ತಿರುಪು ಕಡೇತನಕ ಬೆರಳಲ್ಲೇ ಹೋಗಬೇಕು. ಸ್ಪ್ಯಾನರ್ ಇರೋದು ಕೊನೇ ಕಾಲು ಸುತ್ತಿಗೆ ಮಾತ್ರ. ಎರಡೂವರೆ ಸುತ್ತಿಗೇ ಸ್ಪ್ಯಾನರ್ ಬೇಕು ಅಂದ್ರೆ ಬಿಗೀತಾ ಇಲ್ಲ, ಕೆಡಿಸ್ತಾ ಇದೀವಿ ಅಂತ."

ಯಜಮಾನರು ಏನೂ ಹೇಳದೆ ದೀಪ ಆರಿಸಿದರು. ಎರಡು ದಿನ ಆ ಗ್ಯಾರೇಜಿನ ಬಾಗಿಲು ತೆರೆಯಲಿಲ್ಲ. ಮನೆಯಲ್ಲಿ ಮಗನೂ ರೇಗಿದ. "ಅಪ್ಪ, ಊರಿನವರ ಉಸಾಬರಿ ನಿಮಗ್ಯಾಕೆ? ಅದೂ ಗನ್ನಿನ ವಿಷಯ" ಎಂದ. "ಹೇಳದೇ ಇದ್ದಿದ್ರೆ ರಾತ್ರಿ ನಿದ್ದೆ ಬರ್ತಿರಲಿಲ್ಲ ಕಣೋ" ಎಂದರು ತಾತ, ಅಷ್ಟೇ.

ಮೂರನೆಯ ದಿನ ಯಜಮಾನರೇ ಬಾಗಿಲು ತಟ್ಟಿದರು. ಬಂದೂಕು ರಿಪೇರಿಯವರಲ್ಲಿಗೆ ಹೋಗಿಬಂದಿದ್ದರು. ಆತನೂ ಅದೇ ಮಾತು ಹೇಳಿದ್ದ. ಜಜ್ಜಿದ ಮೊದಲ ಎರಡು ಎಳೆಗಳನ್ನು ಡೈ ಹಾಯಿಸಿ ಸರಿಮಾಡಿ, ನಳಿಗೆಗೆ ಬೇರೆ ಪೆಟ್ಟೇನೂ ಆಗಿಲ್ಲವೆಂದು ನೋಡಿಕೊಟ್ಟಿದ್ದ. ಇನ್ನೊಂದು ಸಲ ಪೈಪು ಹಾಕಿ ಜಗ್ಗಿದ್ದರೆ ನಳಿಗೆಯನ್ನೇ ಬದಲಿಸಬೇಕಾಗುತ್ತಿತ್ತು ಎಂದನಂತೆ. ಮಗನಿಗೆ ಫೋನು ಮಾಡಿ ವಿಷಯ ಹೇಳಲು ಮಾತ್ರ ಯಜಮಾನರಿಗೆ ಒಂದು ಇಡೀ ದಿನ ಹಿಡಿದಿತ್ತು. ಮಗ ನಕ್ಕು, ಬದಲಿ ತರಿಸುತ್ತೇನೆ, ಶನಿವಾರ ಬರುವುದು ಬ್ರೇಕ್ ನೋಡಲಿಕ್ಕಲ್ಲ, ನಿಮ್ಮನ್ನು ನೋಡಲಿಕ್ಕೆ ಎಂದಿದ್ದ. ಇದನ್ನು ಹೇಳುವಾಗ ಯಜಮಾನರು ಹುಡುಗನ ಮುಖ ಬಿಟ್ಟು ಬೇರೆಲ್ಲೋ ನೋಡುತ್ತಿದ್ದರು.

ಹೊಸ ಬ್ರೇಕ್ ಮುಂದಿನ ವಾರ ಬಂತು. ಈ ಸಲ ತಾತ ಹೇಳಿದ ಕ್ರಮದಲ್ಲೇ ಕೆಲಸ. ಮೊದಲು ಆರೂ ಗೂಡುಗಳನ್ನು ದೀಪಕ್ಕೆ ಹಿಡಿದು ನೋಡಿದ್ದಾಯಿತು. ಎರಡೂ ಥ್ರೆಡ್ಡುಗಳಿಗೆ ಪಿಚ್ ಗೇಜಿನ ಒಂದೇ ಎಲೆ ಇಟ್ಟು ನೋಡಿದ್ದಾಯಿತು. ಬಟ್ಟೆಯಲ್ಲಿ ಎಣ್ಣೆ, ಮಸಿ ಒರೆಸಿದ್ದಾಯಿತು. ವೈಸಿನ ಹಲ್ಲುಗಳಿಗೆ ಚರ್ಮದ ಪಟ್ಟಿ ಕೊಟ್ಟು ಅದರಲ್ಲಿ ಹಿಡಿದದ್ದು ನಳಿಗೆಯನ್ನೇ ಹೊರತು ರಿವಾಲ್ವರಿನ ಒಡಲನ್ನಲ್ಲ. ನಳಿಗೆ ಕೂಡ ಒಡಲಿಗೆ ತಿರುಪಿಯೇ ಕೂರಿಸಿದ್ದು. ಒಡಲನ್ನು ಹಿಡಿದು ಬ್ರೇಕನ್ನು ಬಿಗಿದರೆ ಬಲವೆಲ್ಲ ಆ ಜಾಗಕ್ಕೆ ಬಿದ್ದು, ಸಿಲಿಂಡರಿಗೂ ನಳಿಗೆಗೂ ನಡುವಿನ ಕಾಗದದಷ್ಟು ಸಂದಿನ ಅಳತೆ ಕೆಡಬಹುದು. ಆ ಸಂದಿನಿಂದಲೂ ಬಿಸಿ ಅನಿಲ ಪಕ್ಕಕ್ಕೆ ಚಿಮ್ಮುತ್ತದೆ. ರಿವಾಲ್ವರ್ ಹಿಡಿದವರು ಅಲ್ಲಿ ಬೆರಳಿಡಬಾರದು ಎನ್ನುವುದು ಅದಕ್ಕೇ.

ಹೊಸ ಬ್ರೇಕ್ ಯಜಮಾನರ ಗಂಟುಬಿದ್ದ ಬೆರಳುಗಳಲ್ಲೇ ಹೆಗಲಿನವರೆಗೆ ಹೋಯಿತು. ಎಲ್ಲಿಯೂ ತಡೆಯಲಿಲ್ಲ. ಆದರೆ ಮೇಲಿನ ಸೀಳು ಮೇಲಕ್ಕಿರದೆ ವಾರೆಯಾಗಿ ನಿಂತಿತು. ಸ್ವಲ್ಪ ಹಿಂದಕ್ಕೆ ತಿರುಗಿಸಿ ನೇರ ಮಾಡಿದರಾಯಿತು ಎಂದು ಯಜಮಾನರು ಕೈ ಹಾಕಿದಾಗ ತಾತ ತಡೆದರು. ನೇರ ಕಾಣಲಿ ಎಂದು ಸಡಿಲಿಸಿದರೆ ಬುಡ ಹೆಗಲನ್ನು ಬಿಡುತ್ತದೆ. ಅದಕ್ಕೆಂದೇ ಜೊತೆಯಲ್ಲಿ ಬಂದಿದ್ದ ತೆಳುವಾದ ಉಕ್ಕಿನ ವಾಷರುಗಳಿದ್ದವು. ಒಂದು ಸುತ್ತಿಗೆ 1.058 ಮಿಲಿಮೀಟರ್ ಆದರೆ ಇಷ್ಟು ಕೋನಕ್ಕೆ ಎಷ್ಟು ದಪ್ಪದ ವಾಷರು ಎಂಬ ತ್ರೈರಾಶಿಯನ್ನು ಹುಡುಗ ಬೆಂಚಿನ ಮೇಲೆಯೇ ಬಿಡಿಸಿದ. ವಾಷರು ಹಾಕಿ ಮತ್ತೆ ಕೈಯಲ್ಲಿ ತಿರುಗಿಸಿದಾಗ ಸೀಳು ಸರಿಯಾದ ಜಾಗಕ್ಕೆ ಒಂದಿಷ್ಟು ಹಿಂದೆ ನಿಂತಿತು. ಉಳಿದದ್ದು ಸ್ಪ್ಯಾನರಿನ ಪಾಲು.

ಎಳೆಗಳಿಗೆ ಒಂದು ಹನಿ ಲಾಕ್‌ಟೈಟ್. ತಿರುಪು ಬಿಚ್ಚದಂತೆ ಹಿಡಿಯುವ ಈ ಬಗೆಯ ಅಂಟನ್ನು ಅಮೆರಿಕದ ಹಾರ್ಟ್‌ಫರ್ಡಿನ ಟ್ರಿನಿಟಿ ಕಾಲೇಜಿನ ಪ್ರಾಧ್ಯಾಪಕ ವರ್ನನ್ ಕ್ರೀಬಲ್ ಕಂಡುಹಿಡಿದದ್ದೂ 1953ರಲ್ಲೇ, ಎಚ್‌ಎಂಟಿ ಹುಟ್ಟಿದ ವರ್ಷ. ಗಾಳಿ ಇರುವಷ್ಟು ಹೊತ್ತು ನೀರಾಗಿರುತ್ತದೆ, ಲೋಹದ ನಡುವೆ ಗಾಳಿ ಸಿಗದಾಗ ಗಟ್ಟಿಯಾಗುತ್ತದೆ. ಮತ್ತೆ ಬಿಚ್ಚಬೇಕಾಗಬಹುದು ಎಂದು ತಾತ ಸಾಧಾರಣ ಬಲದ ನೀಲಿ ಬಣ್ಣದ್ದೇ ಸಾಕೆಂದರು. ಆಮೇಲೆ ಟಾರ್ಕ್ ರೆಂಚ್. ಬ್ರೇಕಿನ ಜೊತೆ ಬಂದ ಕಾಗದದಲ್ಲಿ 20 ಅಡಿ-ಪೌಂಡ್ ಎಂದಿತ್ತು. ಅಂದರೆ ಒಂದಡಿ ಉದ್ದದ ಹಿಡಿಕೆಯ ತುದಿಗೆ ಒಂಬತ್ತು ಕಿಲೋ ತೂಗುಹಾಕಿದಷ್ಟು. ಯಜಮಾನರು ಮೆಲ್ಲಗೆ ಎಳೆದರು. ರೆಂಚು ಟಿಕ್ ಎಂದಿತು. ಸೀಳು ಸರಿಯಾಗಿ ಮೇಲಕ್ಕೆ ಬಂದು ನಿಂತಿತ್ತು. ಅವರ ಕೈ ರೂಢಿಯಿಂದ ಇನ್ನೊಂದು ಸಲ ಎಳೆಯಲು ಹೊರಟಿತು.

"ಸಾಕು" ಎಂದರು ತಾತ, ಕನ್ನಡದಲ್ಲೇ. ಯಜಮಾನರು ನಿಲ್ಲಿಸಿದರು. ಅದನ್ನು ಹುಡುಗ ಅನುವಾದಿಸಬೇಕಾಗಲಿಲ್ಲ.

ನಳಿಗೆಯೊಳಗಿಂದ ನೆಟ್ಟಗಿನ ಉಕ್ಕಿನ ಸರಳು ತೂರಿಸಿ ನೋಡಿದರು. ರಂಧ್ರದ ನಟ್ಟನಡುವೆ ಬಂತು, ಸುತ್ತಲೂ ಸಮನಾದ ಬೆಳಕು. ಕೊನೆಗೆ ಹುಡುಗ ಅಮ್ಮನ ಕೆಂಪು ನೇಲ್‌ಪಾಲಿಶ್ ತಂದುಕೊಟ್ಟ. ನಳಿಗೆಯಿಂದ ಬ್ರೇಕಿನ ಮೇಲೆ ಹಾಯುವಂತೆ ಯಜಮಾನರು ಒಂದು ತೆಳು ಗೆರೆ ಎಳೆದರು. ಬ್ರೇಕ್ ಕೊಂಚ ತಿರುಗಿದರೂ ಗೆರೆ ತುಂಡಾಗುತ್ತದೆ. ಪ್ರತಿಸಲ ಬಿಗಿದು ಬಿಗಿದು ಪರೀಕ್ಷಿಸಬೇಕಾಗಿಲ್ಲ, ಕಣ್ಣಿನಲ್ಲಿ ನೋಡಿದರೆ ಸಾಕು. ಮರುದಿನ, ಅಂಟು ಪೂರ್ತಿ ಒಣಗಿದ ಮೇಲೆ, ರೇಂಜಿಗೆ ಹೋಗಿಬಂದ ಯಜಮಾನರು ನೇರ ಇವರ ಮನೆಯ ಮುಂದೆ ಕಾರು ನಿಲ್ಲಿಸಿ, ಫೋನಿನಲ್ಲಿ ತೆಗೆದ ಚಿತ್ರ ತೋರಿಸಿದರು. ಆರು ಆರರಂತೆ ಮೂವತ್ತು ಗುಂಡು. ಕೆಂಪು ಗೆರೆ ಒಂದೇ ಎಳೆಯಾಗಿ ಉಳಿದಿತ್ತು. ಸದ್ದು ಮಾತ್ರ ಮೊದಲಿಗಿಂತ ಜೋರು ಎಂದು ಕಿವಿ ತಿಕ್ಕಿಕೊಂಡರು. ಅನಿಲ ಪಕ್ಕಕ್ಕೆ ಬಂದರೆ ಸದ್ದೂ ಪಕ್ಕಕ್ಕೇ ಬರುತ್ತದೆ.

ಆ ರಾತ್ರಿ ಊಟದ ಹೊತ್ತಿಗೆ ಮಗ ಲ್ಯಾಪ್‌ಟಾಪ್ ತೆರೆದಿಟ್ಟುಕೊಂಡಿದ್ದ. ನವೆಂಬರ್ 1 ಹತ್ತಿರವಾಗಿತ್ತು. ಅರ್ಜಿಗೆ ಅದೇ ಗಡುವು. ಮಗ ಯಾವ ವಿಷಯ ಆರಿಸಿಕೊಂಡದ್ದೇಕೆ ಎಂದು ಬರೆಯಬೇಕಾದ ಪ್ರಬಂಧ ಮೂರು ವಾರದಿಂದ ನಾಲ್ಕು ಸಾಲಿಗೆ ನಿಂತಿತ್ತು. "ಕೂತು ಬರೆಯೋಕೆ ಆಗಲ್ವಾ ಇವನಿಗೆ? ಮಾರ್ಕ್ಸ್ ಇದೆ, ಎಲ್ಲಾ ಇದೆ. ಇನ್ನೂ ಸ್ವಲ್ಪ ಬಿಗಿ ಮಾಡಬೇಕು" ಎಂದ.

ತಾತ ಅನ್ನಕ್ಕೆ ಸಾರು ಕಲಸುತ್ತಾ ಕೇಳಿದರು: "ಕೈಯಲ್ಲಿ ಎಷ್ಟು ಸುತ್ತು ಹೋಯ್ತೋ?"

ಮಗನಿಗೆ ಅರ್ಥವಾಗಲಿಲ್ಲ. ಹುಡುಗನಿಗೆ ಆಯಿತು. ಅವನು ತಟ್ಟೆ ನೋಡುತ್ತಾ ಕೂತ.

"1989ರಲ್ಲಿ ನಿನ್ನ ಪಿಯುಸಿ ಮುಗಿದಾಗ ಫ್ಯಾಕ್ಟರಿಯ ಅಪ್ರೆಂಟಿಸ್ ಅರ್ಜಿ ತಂದು ನಿನ್ನ ಮುಂದೆ ಹಾಕಿದ್ದೆ" ಎಂದರು ತಾತ. "ಕ್ವಾರ್ಟರ್ಸ್ ಇದೆ, ಪಿ.ಎಫ್. ಇದೆ, ಕ್ಯಾಂಟೀನ್ ಇದೆ ಅಂತ ಜಗ್ಗಿದೆ. ನೀನು ಕಂಪ್ಯೂಟರ್ ಅಂದೆ. ಆರು ತಿಂಗಳು ಇಬ್ಬರೂ ಮಾತಾಡಲಿಲ್ಲ. ನಿಮ್ಮಮ್ಮ ನಡುವೆ ನಿಂತು ಸಾಕಾದಳು. ಅವತ್ತು ನನ್ನ ಕೈಯಲ್ಲಿ ಇದ್ದಿದ್ದು ಸ್ಪ್ಯಾನರ್ ಅಲ್ಲ ಕಣೋ, ಪೈಪು. ಮೂವತ್ತೇಳು ವರ್ಷ ಥ್ರೆಡ್ ನೋಡಿದವನು, ಮನೇಲಿ ಮಾತ್ರ ನೋಡಲಿಲ್ಲ."

ಸೊಸೆ ಬಡಿಸುತ್ತಿದ್ದ ಕೈ ನಿಲ್ಲಿಸಿದಳು. ಮಗ ಏನೂ ಹೇಳಲಿಲ್ಲ. ಮೂವತ್ತನಾಲ್ಕು ವರ್ಷದಲ್ಲಿ ಅಪ್ಪ ಆ ಮಾತೆತ್ತಿದ್ದು ಅದೇ ಮೊದಲು.

"ಬಿಗೀಬೇಡ ಅನ್ನಲ್ಲ" ಎಂದು ತಾತ ಮುಂದುವರಿಸಿದರು. "ಸಡಿಲ ಬಿಟ್ಟ ತಿರುಪೂ ಅಪಾಯವೇ. ಕೊನೇ ಕಾಲು ಸುತ್ತಿಗೆ ದೊಡ್ಡವರ ಕೈ ಬೇಕೇ ಬೇಕು. ಗಡುವು ನೆನಪಿಸು, ಬೆಳಿಗ್ಗೆ ಎಬ್ಬಿಸು, ಅರ್ಧಕ್ಕೆ ಬಿಟ್ಟರೆ ಗದರಿಸು. ಆದರೆ ಮೊದಲನೇ ಸುತ್ತು ಅವನ ಬೆರಳಲ್ಲಿ ಹೋಗುತ್ತಾ ನೋಡು. ಹೋಗದೇ ಇದ್ರೆ ಹುಡುಗ ಕೆಟ್ಟವನೂ ಅಲ್ಲ, ಕಂಪ್ಯೂಟರ್ ಕೆಟ್ಟದ್ದೂ ಅಲ್ಲ."

ಆಮೇಲೆ ಮಾತು ಬೇರೆ ಕಡೆ ತಿರುಗಿತು. ಮಗ ಲ್ಯಾಪ್‌ಟಾಪ್ ಮುಚ್ಚಿ ಎದ್ದುಹೋದ. ಇಷ್ಟಕ್ಕೇ ಎಲ್ಲವೂ ಸರಿಹೋಯಿತು ಎನ್ನಲಾಗದು. ಮನುಷ್ಯರ ಎಳೆ ನೋಡಲು ಪಿಚ್ ಗೇಜ್ ಇಲ್ಲ, ಒಂದು ಊಟದ ಮಾತಿಗೆ ಮೂರು ವಾರದ ಗಂಟು ಬಿಚ್ಚುವುದೂ ಇಲ್ಲ. ಆದರೆ ಆ ರಾತ್ರಿ ಹನ್ನೊಂದರ ಹೊತ್ತಿಗೆ ತಾತ ನೀರು ಕುಡಿಯಲು ಎದ್ದಾಗ ಮೊಮ್ಮಗನ ಕೋಣೆಯಲ್ಲಿ ದೀಪ ಉರಿಯುತ್ತಿತ್ತು. ಮಗ ಕಿಟಕಿಯ ಬಳಿ ನಿಂತು ಒಂದು ಕಲ್ಲನ್ನು ದೀಪಕ್ಕೆ ಹಿಡಿದು ತಿರುಗಿಸಿ ನೋಡುತ್ತಿದ್ದ. "ಇದು ಎಲ್ಲಿ ಸಿಕ್ಕಿತು?" ಎಂದು ಕೇಳುತ್ತಿದ್ದ. ಹುಡುಗ ಹೇಳುತ್ತಿದ್ದ, ತಡವರಿಸದೆ, ಒಂದಾದ ಮೇಲೊಂದು.

ತಾತ ನೀರು ಕುಡಿಯುವುದನ್ನು ಮರೆತು, ಸದ್ದಾಗದಂತೆ ಹಿಂದಿರುಗಿ ಮಲಗಿದರು.

ಡಿಸೆಂಬರಿನಲ್ಲಿ ತಾತ ಬೆಂಗಳೂರಿಗೆ ಹೊರಟರು. ಸೂಟ್‌ಕೇಸು ಕಟ್ಟುವಾಗ ಪಿಚ್ ಗೇಜ್ ಕಾಣಲಿಲ್ಲ. ಅದು ಮೊಮ್ಮಗನ ಕಿಟಕಿಯಲ್ಲಿ ಕಲ್ಲುಗಳ ಪಕ್ಕದಲ್ಲಿತ್ತು. ತಾತ ನೋಡಿದರು, ಕೇಳಲಿಲ್ಲ.